ಲಿವರಿನ ನಾಲ್ಕನೆಯ ಮನೆ

ನಿನ್ನೆ ನಮ್ಮ ಟ್ರ್ಯಾಕ್ಟರಿನ ಲೋಡರ್ ಲಿವರಿನ ಹಿಡಿ ಕಳಚಿ ನನ್ನ ಅಂಗೈಗೆ ಬಂತು. ಕರಿಯ ಪ್ಲಾಸ್ಟಿಕ್ಕಿನ ಗುಂಡು, ನಿಂಬೆಹಣ್ಣಿಗಿಂತ ತುಸು ದೊಡ್ಡದು. ಒಂದು ಮಗ್ಗುಲು ಹೆಬ್ಬೆರಳು ಕೂರುವಷ್ಟು ಸವೆದಿದೆ. ಹುನಗುಂದದಿಂದ ಹೊಸದು ತಂದು ಹಾಕಿದ್ದಾಯಿತು. ಹಳೆಯದನ್ನು ಎಸೆಯಲು ಮನಸ್ಸಾಗದೆ ಬರೆಯುವ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಫ್ಯಾನ್ ಗಾಳಿಗೆ ಹಾರುವ ಹಾಳೆಗಳ ಮೇಲೆ ಇಟ್ಟರೆ ಅದು ತಾನೇ ಉರುಳಿ ಹೋಗುತ್ತದೆ. ಯಾವ ಉಪಯೋಗಕ್ಕೂ ಇಲ್ಲ. ಆದರೂ ಇರಲಿ. ಈ ಗುಂಡಿನ ಋಣ ನನ್ನ ಮೇಲಿದೆ. ಅದು ಹೇಗೆ ಎಂದು ಹೇಳಲು ಹೊರಟರೆ ನೀವು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕಾಗುತ್ತದೆ; ನನಗೆ ಯಾವುದನ್ನೂ ನಡುವಿನಿಂದ ಹೇಳಲು ಬರುವುದಿಲ್ಲ.

ನಾನು ದಿನವೂ ಬರೆದಿಡುವವಳು. ತಾರೀಖು, ಮಳೆ ಬಂತೋ ಇಲ್ಲವೋ, ಟ್ರ್ಯಾಕ್ಟರ್ ಯಾರ ಹೊಲಕ್ಕೆ ಹೋಯಿತು, ಎಷ್ಟು ಡೀಸೆಲ್ ಕುಡಿಯಿತು, ಎಮ್ಮೆ ಎಷ್ಟು ಹಾಲು ಕೊಟ್ಟಿತು, ಆಯಿ ಊಟಕ್ಕೆ ಎಷ್ಟು ರೊಟ್ಟಿ ತೆಗೆದುಕೊಂಡಳು, ಎಲ್ಲವೂ ಇರುತ್ತದೆ. ಆಯಿ ಎಂದರೆ ನಮ್ಮ ಅಪ್ಪನ ತಾಯಿ. ಇದರಿಂದ ಯಾರಿಗೂ ಏನೂ ಲಾಭವಿಲ್ಲ ಎಂಬುದು ನನಗೂ ಗೊತ್ತು. ಅಪ್ಪನ ತಮ್ಮ ಶೇಖಪ್ಪ ಕಾಕಾ ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು; ಅವನ ಪಾಲಿಗೆ ನಾನು ತಲಾಠಿ, ಊರ ಲೆಕ್ಕ ಬರೆಯುವವಳು. ನಾನು ಅಡುಗೆಮನೆಗೆ ಕಾಲಿಟ್ಟರೆ ಸಾಕು, "ತಲಾಠಿ ಬಂದ್ಲು, ಎಲ್ಲಾರೂ ತಮ್ಮ ತಮ್ಮ ರೊಟ್ಟಿ ಮುಚ್ಚಿಟ್ಕೋರಿ" ಅನ್ನುತ್ತಾನೆ.

ಬರೆಯುವುದರಲ್ಲಿ ನನಗೆ ಇನ್ನೊಂದು ಚಾಳಿ ಇದೆ. ಒತ್ತಿ ಬರೆಯುತ್ತೇನೆ. ಎಷ್ಟು ಒತ್ತುತ್ತೇನೆಂದರೆ ಇವತ್ತಿನ ತಾರೀಖು ನಾಳೆಯ ಹಾಳೆಯ ಮೇಲೂ ಮೂಡಿರುತ್ತದೆ. ರೊಟ್ಟಿ ಬಡಿಯಲು ಕೂತರೂ ಅದೇ ಕಥೆ. ಜೋಳದ ಹಿಟ್ಟು ಅಂಗೈಯ ತಟ್ಟಿಗೆ ತಾನೇ ಹಿಗ್ಗಬೇಕು. ನನ್ನ ಕೈಯಲ್ಲಿ ಅದು ಕಲ್ಲಿಗೆ ಅಂಟಿ, ಅಂಚು ಒಡೆದು, ನಕಾಶೆಯಲ್ಲಿನ ಯಾವುದೋ ದೇಶದಂತೆ ಆಗುತ್ತದೆ. ಅವ್ವ ಒಲೆಯ ಮುಂದಿನಿಂದಲೇ ಕೂಗುತ್ತಾಳೆ: "ಏ ಗಿರಿಜಾ, ರೊಟ್ಟಿ ಬಡೀಬೇ ಅಂದೇನಿ, ಅದರ ಕುತಿಗಿ ಒತ್ತಂದಿಲ್ಲ!"

ಈ ಒತ್ತುವ ಅಭ್ಯಾಸಕ್ಕೆ ನಾನು ನಮ್ಮ ಅಜ್ಜನನ್ನು ಹೊಣೆ ಮಾಡುತ್ತೇನೆ. ನಾನು ಸಣ್ಣವಳಿದ್ದಾಗ ಮನೆಯಲ್ಲಿ ಎತ್ತುಗಳಿದ್ದವು. ಹೊಲದಲ್ಲಿ ಕುಂಟೆ ಹೊಡೆಯುವಾಗ ಅದರ ಅಲಗು ನೆಲಕ್ಕೆ ಇಳಿಯಲೆಂದು ಮೇಲೊಂದು ಕಲ್ಲನ್ನೋ ಮನೆಯ ಮಗುವನ್ನೋ ಕೂಡಿಸುವುದು ರೂಢಿ. ನಮ್ಮ ಮನೆಯ ಕಲ್ಲು ನಾನೇ. ಅಜ್ಜ ನನ್ನನ್ನು ಎತ್ತಿ ಕುಂಟೆಯ ಮೇಲಿಟ್ಟು, "ಬಿಗಿ ಹಿಡಕೊಂಡು ಭಾರ ಹಾಕಿ ಕುಂದ್ರು" ಎನ್ನುತ್ತಿದ್ದ. ನಾನು ಉಸಿರು ಬಿಗಿಹಿಡಿದು, ಮುಖ ಕೆಂಪಗೆ ಮಾಡಿಕೊಂಡು, ಇದ್ದುದಕ್ಕಿಂತ ಹೆಚ್ಚು ಭಾರವಾಗಲು ಹೆಣಗುತ್ತಿದ್ದೆ. ಹೊಲ ಹದವಾಗುತ್ತಿರುವುದು ನನ್ನ ಭಾರದಿಂದಲೇ ಎಂಬ ಹೆಮ್ಮೆ. ಎಲ್ಲೋ ಒಂದು ಕಡೆ ಮಣ್ಣು ಮೆತ್ತಗಿರುವಲ್ಲಿ ಅಜ್ಜ ಎತ್ತು ನಿಲ್ಲಿಸಿ, "ಇಲ್ಲಿ ಇಳಿಯವ್ವಾ, ಹಗರಕ ಹೋಗ್ಲಿ" ಅಂದುಬಿಡುತ್ತಿದ್ದ. ನನಗೆ ಭಯಂಕರ ಅವಮಾನ. ಮುಖ ಊದಿಸಿಕೊಂಡು ಬದುವಿನ ಮೇಲೆ ಕೂತುಬಿಡುತ್ತಿದ್ದೆ.

ಎತ್ತು ಹೋದವು, ಟ್ರ್ಯಾಕ್ಟರ್ ಬಂತು. ಕಾಕಾನಿಗೆ ಅದರ ಮುಂದೊಂದು ಲೋಡರ್ ಇರಬೇಕೆಂಬ ಹಂಬಲ. ಎರಡು ಕಬ್ಬಿಣದ ತೋಳು, ತೋಳುಗಳ ತುದಿಗೆ ಅಗಲವಾದ ಬಕೆಟ್. ತಿಪ್ಪೆಯ ಗೊಬ್ಬರ ಎತ್ತಬಹುದು, ಮಣ್ಣು ತುಂಬಬಹುದು, ಊರವರು ನೋಡುವಂತೆ ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸಬಹುದು. ಲೋಡರ್ ಬಂದ ದಿನ ಅಂಗಳದಲ್ಲಿ ಪೂಜೆ. ಊರ ಅಯ್ಯನವರು ಬಂದು ಟ್ರ್ಯಾಕ್ಟರಿಗೆ ವಿಭೂತಿ ಹಚ್ಚಿದರು, ಬಕೆಟ್ಟಿನ ಕೆಳಗೆ ತಾಟಿನಲ್ಲಿ ಕಾಯಿ, ಹೂವು, ಉದಿನಕಡ್ಡಿ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ಕಾಕಾ ಸೀಟಿನ ಮೇಲೆ ಕೂತಿದ್ದ. ನೆರೆದ ಮಂದಿಯನ್ನು ನೋಡಿ ಅವನಿಗೆ ಹುರುಪು ಬಂತೋ ಏನೋ, ಲಿವರನ್ನು ಮುಂದಕ್ಕೆ ತುದಿಯವರೆಗೂ ನೂಕಿದ. ಎತ್ತರದಲ್ಲಿದ್ದ ಬಕೆಟ್ ಒಮ್ಮೆಲೇ ಧಪ್ಪೆಂದು ತಾಟಿನ ಮೇಲೆ ಬಿತ್ತು. ಕಾಯಿ ಚೂರು. ತಾಟು ಚಪಾತಿ.

ಅಯ್ಯನವರು ಸುಧಾರಿಸಿಕೊಂಡು, "ಶೇಖಪ್ಪಾ, ಕಾಯಿ ನಿನ್ನ ಬಕೆಟ್ಟ ಒಡೀತು. ನನಗಿನ್ನೇನು ಕೆಲಸ ಉಳದೈತಿ? ದಕ್ಷಿಣಿ ಅದಕ್ಕ ಕೊಡು" ಅಂದರು.

ಆ ದಿನದಿಂದ ಕಾಕಾ ಲಿವರಿನ ಆ ತುದಿಗೆ ಹೋಗಲಿಲ್ಲ. ಹೋಗದಂತೆ ವ್ಯವಸ್ಥೆಯನ್ನೂ ಮಾಡಿದ. ಸೈಕಲ್ಲಿನ ಹಳೆಯ ಟ್ಯೂಬನ್ನು ಲಿವರಿನ ಬುಡಕ್ಕೆ ಸುತ್ತಿ ಸುತ್ತಿ ಗಂಟು ಹಾಕಿದ. ಲಿವರಿನ ಪಕ್ಕದಲ್ಲಿ ಯಾವ ಕಡೆ ದೂಡಿದರೆ ಏನಾಗುತ್ತದೆ ಎಂದು ತೋರಿಸುವ ಚಿತ್ರಗಳ ಸ್ಟಿಕ್ಕರ್ ಇತ್ತು. ಆಯಿಯ ಪ್ರಕಾರ ಇಷ್ಟು ಅಪಶಕುನ ಮಾಡಿದ ಜಾಗಕ್ಕೇ ಹೆಚ್ಚು ವಿಭೂತಿ ಬೇಕು. ಅಂದಿನಿಂದ ಪ್ರತಿ ಆಯುಧಪೂಜೆಗೂ ನೀರಲ್ಲಿ ಕಲಸಿದ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಆ ಸ್ಟಿಕ್ಕರಿನ ಮೇಲೆಯೇ ಬೀಳುತ್ತ ಬಂತು. ತೊಳೆಯುವಾಗ ಯಾರೂ ಅದನ್ನು ಮುಟ್ಟುವುದಿಲ್ಲ, ದೇವರ ಗುರುತು. ಹೀಗೆ ಒಂದು ಯಂತ್ರದ ಒಂದು ಇಡೀ ಸಾಮರ್ಥ್ಯ ನಮ್ಮ ಮನೆಯಲ್ಲಿ ಭಕ್ತಿಯಿಂದ ಮುಚ್ಚಿಹೋಗಿತ್ತು. ನಾನು ಟ್ರ್ಯಾಕ್ಟರ್ ಓಡಿಸಲು ಕಲಿತದ್ದೂ ಆ ಸ್ಥಿತಿಯಲ್ಲೇ. ಲೋಡರಿಗೆ ಮೂರೇ ಮನೆ: ಏಳು, ಇಳಿ, ನಿಲ್ಲು. ಅಷ್ಟೇ ಎಂದುಕೊಂಡಿದ್ದೆ.

ಈಗ ಆಯಿಯ ವಿಷಯಕ್ಕೆ ಬರಬೇಕು.

ಆಯಿಯ ತವರು ಐಹೊಳೆ. ಹಳೆಯ ಗುಡಿಯ ಗೋಡೆಗೇ ಆತುಕೊಂಡಂತಿದ್ದ ಮನೆಯಲ್ಲಿ ಹುಟ್ಟಿದವಳು. ಗುಡಿಯ ಕಟ್ಟೆಯ ಮೇಲೆ ಹಪ್ಪಳ ಒಣಗಿಸಿದ್ದನ್ನು ಈಗಲೂ ಹೇಳುತ್ತಾಳೆ. ಆಕೆಗೆ ನಡೆಯುವುದೆಂದರೆ ಉಸಿರಾಡಿದಂತೆ. ತವರಿಗೆ ನಡೆದೇ ಹೋಗಿಬರುತ್ತಿದ್ದಳಂತೆ, ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು. ಬಂಡಿ ಹತ್ತಿದರೆ ಎತ್ತಿಗೆ ದಣಿವು ಎನ್ನುವುದು ಒಂದು ಕಾರಣ. ಬಂಡಿಯ ಮೇಲಿನಿಂದ ದಾರಿಯವರ ಜೊತೆ ಸರಿಯಾಗಿ ಮಾತಾಡಲು ಆಗುವುದಿಲ್ಲ ಎನ್ನುವುದು ನಿಜವಾದ ಕಾರಣ.

ನಮ್ಮಲ್ಲಿ ತೀರಿಕೊಂಡವರನ್ನು ಮಣ್ಣು ಮಾಡುತ್ತೇವೆ, ಬಹಳ ಸಲ ಸ್ವಂತ ಹೊಲದ ಮೂಲೆಯಲ್ಲೇ. ಅಜ್ಜನ ಗದ್ದುಗೆ ನಮ್ಮ ಹೊಲದ ಆ ತುದಿಯಲ್ಲಿದೆ. ಮೇಲೆ ಕಲ್ಲು ಕಟ್ಟಬೇಡಿರೆಂದು ಅವನೇ ಹೇಳಿದ್ದ, ಮುಂದೆ ಯಾರದೋ ಕುಂಟೆಗೆ ತಾಗೀತೆಂದು. ಹಾಗಾಗಿ ಬರೀ ಮಣ್ಣಿನ ಗುಡ್ಡೆ. ಎರೆಮಣ್ಣು ಪ್ರತಿ ಮಳೆಗೂ ಕುಸಿಯುತ್ತದೆ. ಆಯಿ ಪ್ರತಿ ವರ್ಷ ಬುಟ್ಟಿಯಲ್ಲಿ ಮಣ್ಣು ಹೊತ್ತು ಅದನ್ನು ತುಂಬುತ್ತಾಳೆ. ಪ್ರತಿ ಸೋಮವಾರ ಒಂದು ತಂಬಿಗೆ ನೀರು, ಬಿಲ್ವಪತ್ರೆ, ವಿಭೂತಿ ಹಿಡಿದು ಅಲ್ಲಿಗೆ ಹೋಗುತ್ತಾಳೆ. ಹೋಗಿ ಅಳುವುದಿಲ್ಲ, ಧ್ಯಾನ ಮಾಡುವುದಿಲ್ಲ. ವರದಿ ಒಪ್ಪಿಸುತ್ತಾಳೆ. ಎಮ್ಮೆ ಕರು ಹಾಕಿತು, ಶೇಖ್ಯಾ ಹೇಳಿದ ಮಾತು ಕೇಳುವುದಿಲ್ಲ, ಪಕ್ಕದ ಹೊಲದವರು ಬದು ಒತ್ತಿದ್ದಾರೆ. ನಾನು ಮನೆಯಲ್ಲಿ ಹಾಳೆಯ ಮೇಲೆ ಮಾಡುವುದನ್ನೇ ಅವಳು ಅಲ್ಲಿ ಬಾಯಲ್ಲಿ ಮಾಡುತ್ತಾಳೆ.

ಕಳೆದ ಮಳೆಗಾಲ ಆ ದಾರಿಯನ್ನು ಕೆಡಿಸಿತು. ಸರಿಯಾಗಿ ಹೇಳಬೇಕೆಂದರೆ ಕೆಡಿಸಿದ್ದು ನಾವೇ. ಹಸಿ ಎರೆಯ ಮೇಲೆ ಟ್ರ್ಯಾಕ್ಟರ್ ಓಡಿಸಿದೆವು. ದೊಡ್ಡ ಗಾಲಿಗಳು ಮೊಣಕಾಲುದ್ದ ಇಳಿದವು. ಮಳೆ ನಿಂತು ಬಿಸಿಲು ಬಿದ್ದ ಮೇಲೆ ಆ ಹಳ್ಳ ದಿಣ್ಣೆಗಳು ಹಾಗೆಯೇ ಕಲ್ಲಾದವು. ಒಂದು ಸೋಮವಾರ ಆಯಿ ಅಲ್ಲಿ ಬಿದ್ದಳು. ತಂಬಿಗೆಯ ನೀರು ಚೆಲ್ಲಿತು, ಪಾದದ ಕೀಲು ಉಳುಕಿ ಊದಿತು, ಎಲುಬಿಗೆ ಏನೂ ಆಗಿರಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಫೋಟೋ ತೆಗೆಸಿ ನೋಡಿ, ಕಾಕಾನನ್ನು ಬದಿಗೆ ಕರೆದು ಹೇಳಿದರು: "ಈ ಸಲ ಪಾರಾಗ್ಯಾರ. ಇನ್ನೊಮ್ಮೆ ಬಿದ್ರ ಸೊಂಟಕ್ಕ ಬರ್ತೈತಿ. ಬಂದ್ರ ಎದ್ದು ಅಡ್ಡಾಡೂದು ಕಷ್ಟ. ಜ್ವಾಕಿ."

ಕಾಕಾ ಮನೆಗೆ ಬಂದು ಸೋಮವಾರದ ನಡಿಗೆ ಬಂದ್ ಎಂದು ಸಾರಿದ. "ಅವ್ವಾ, ಟ್ರೇಲರ್‌ನ್ಯಾಗ ಗಾದಿ ಹಾಸ್ತೇನಿ. ಮ್ಯಾಲ ಕುರ್ಚಿ ಇಡ್ತೇನಿ. ರಾಣಿ ಹಂಗ ಕರಕೊಂಡು ಹೋಗ್ತೇನಿ."

ಆಯಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಅಲ್ಲಿಗೆ ನನ್ನ ಹೊತಗೊಂಡು ಹೋಗೂದು ಒಂದ ಸಲ. ಅವತ್ತು ಯಾರರ ಹೊರ್ರಿ, ನಾ ಬ್ಯಾಡ ಅನ್ನೂದಿಲ್ಲ. ಅಲ್ಲೀತನಾ ನಡಕೋತ ಹೋಗ್ತೇನಿ. ಇಲ್ಲಂದ್ರ ಹೋಗೂದ ಇಲ್ಲ."

ಹೋಗಲೂ ಇಲ್ಲ. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹೊಲದ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂರುತ್ತಿದ್ದಳು. ಯಾರೊಂದಿಗೂ ಜಗಳವಿಲ್ಲ. ಅದೇ ಮನೆಯವರಿಗೆಲ್ಲ ಹೆದರಿಕೆ ಹುಟ್ಟಿಸಿತು. ನನ್ನ ರೊಟ್ಟಿಯ ಲೆಕ್ಕ ಮೊದಲ ಸಲ ಉಪಯೋಗಕ್ಕೆ ಬಂತು, ಅದೂ ಬೇಡವಾದ ರೀತಿಯಲ್ಲಿ. ಎರಡು ಇದ್ದದ್ದು ಒಂದಾಯಿತು, ಒಂದು ಅರ್ಧವಾಯಿತು. ನಾನು ಅವ್ವನಿಗೆ ಹೇಳಿದೆ. ಅವ್ವ ಕಾಕಾನಿಗೆ ಹೇಳಿದಳು.

ಕಾಕಾ ಮರುದಿನವೇ ಟ್ರ್ಯಾಕ್ಟರ್ ಹೊರಡಿಸಿದ. ದಾರಿ ಸಪಾಟು ಮಾಡಿಯೇ ತೀರುತ್ತೇನೆಂದು ಬಕೆಟ್ಟಿನ ಅಲಗನ್ನು ನೆಲಕ್ಕೆ ಊರಿ ಲಿವರ್ ಒತ್ತಿದ. ಲೋಡರಿಗೆ ಒತ್ತು ಎಂದರೆ ಅದಕ್ಕೆ ಮಿತಿ ತಿಳಿಯುವುದಿಲ್ಲ. ಬಕೆಟ್ ಕೆಳಗೆ ಹೋಗಲು ಜಾಗವಿಲ್ಲದೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳೇ ನೆಲ ಬಿಟ್ಟು ಮೇಲೆದ್ದವು. ಕಾಕಾ ಗಾಬರಿಯಾಗಿ ಎತ್ತಿದ, ಬಕೆಟ್ ನೆಲ ಬಿಟ್ಟು ಹಾರಿತು. ಮತ್ತೆ ಒತ್ತಿದ, ಕಚ್ಚಿತು. ಎತ್ತು, ಒತ್ತು, ಎತ್ತು, ಒತ್ತು. ಆಮೇಲೆ ಹಟ ಹಿಡಿದು ನಾನು ಸೀಟಿಗೆ ಕೂತೆ. ಒತ್ತುವುದರಲ್ಲಿ ನಾನು ಅವನಿಗಿಂತ ಒಂದು ಕೈ ಮೇಲು ಎಂದು ನಿಮಗೆ ಆಗಲೇ ಗೊತ್ತಿದೆ. ಮಧ್ಯಾಹ್ನದ ಹೊತ್ತಿಗೆ ದಾರಿಯ ತುಂಬ ಅಡ್ಡಡ್ಡ ಅಲೆಗಳು ಎದ್ದು ನಿಂತಿದ್ದವು.

ಆಯಿ ಅವ್ವನ ಕೈ ಹಿಡಿದು ಊರ ಕೊನೆಯ ಮನೆಯವರೆಗೆ ಬಂದು ನೋಡಿದಳು. "ಲೇ ಶೇಖ್ಯಾ, ದಾರಿ ಮಾಡೀರೋ ಮಡಿ ಮಾಡೀರೋ? ಉಳ್ಳಾಗಡ್ಡಿ ಹಚ್ಚೂಣೇನು?"

"ನಾಳಿ ಜೆಸಿಬಿ ಕರಸ್ತೇನಿ ಬಿಡವ್ವಾ."

"ಏನೂ ಬ್ಯಾಡ." ಅವಳ ದನಿಯಲ್ಲಿ ನಗೆ ಇರಲಿಲ್ಲ. "ಹಲ್ಲಿದ್ದ ಮಷಿನ್ನು ನಿಮ್ಮಪ್ಪನ ಮಗ್ಗಲದಾಗ ಬರಬಾರ್ದು. ಇದನ್ನೂ ಅಲ್ಲಿತನ ಒಯ್ಯಬ್ಯಾಡ್ರಿ. ಇಲ್ಲೇ ಹಿಂಗ ಕೆಬರೂದು ಅಲ್ಲೇನ ಮಾಡೀತು?"

ಕಾಕಾನ ಮುಖ ಆಗ ನೋಡಬೇಕಿತ್ತು. ಟ್ರ್ಯಾಕ್ಟರಿನ ಸಪ್ಪಳ ನಿಲ್ಲಿಸಿ ಗಾಲಿಯ ನೆರಳಿಗೆ ಹೋಗಿ ಕೂತ.

ಅದೇ ವಾರ ನಾನು ಇಳಕಲ್ಲಿಗೆ ಹೋದೆ. ಕೊಟ್ಟಿಗೆಯ ಮೋರಿಗೆ ಹಾಸಲು ಗ್ರಾನೈಟ್ ಕಾರ್ಖಾನೆಯಲ್ಲಿ ಉಳಿದ ಕಲ್ಲಿನ ತುಂಡುಗಳು ಸಿಗುತ್ತವೆ. ಅಲ್ಲಿ ಕಲ್ಲು ಕೊಯ್ದ ಹಿಟ್ಟು ನೀರಿನ ಜೊತೆ ಸೇರಿ ಅಂಗಳದ ತುಂಬ ಹರಡಿರುತ್ತದೆ. ಒಬ್ಬ ಡ್ರೈವರ್ ನಮ್ಮದರಂಥದೇ ಲೋಡರಿನಿಂದ ಅದನ್ನು ಬಳಿಯುತ್ತಿದ್ದ. ಕೆಳಗೆ ನುಣುಪಾದ ಸಿಮೆಂಟಿನ ನೆಲ. ಒಂದು ಗೀರೂ ಇಲ್ಲ. ಅವನ ಎಡಗೈ ಸ್ಟೇರಿಂಗಿನ ಮೇಲಿತ್ತು. ಬಲಗೈಯಲ್ಲಿ ಚುರಮರಿಯ ಪೊಟ್ಟಣ. ನಾನು ಎರಡೆರಡು ಸಲ ನೋಡಿದೆ. ಲಿವರಿನ ಮೇಲೆ ಕೈಯೇ ಇರಲಿಲ್ಲ.

"ಅಣ್ಣಾರ, ಲಿವರ್ ಯಾರ ಹಿಡಕೊಂಡಾರ?" ಎಂದು ಕೂಗಿ ಕೇಳಿದೆ.

"ದೇವರು" ಅಂದ, ಚುರಮರಿ ಬಾಯಿಗೆ ಎಸೆದುಕೊಳ್ಳುತ್ತ. ಅವನ ಹೆಸರು ಮೌಲಾ ಎಂದು ಆಮೇಲೆ ತಿಳಿಯಿತು. "ಯಾಕ್ರಿ ಅಕ್ಕಾರ, ನಿಮ್ಮ ಕಡೆನೂ ಲೋಡರ್ ಐತೇನ್ರಿ?"

"ಐತ್ರಿ. ನಮ್ಮದು ನೆಲ ಕಂಡ್ರ ಕಚ್ಚತೈತಿ."

"ಅದರದೇನು ತಪ್ಪಿಲ್ರಿ. ನೀವು ಒತ್ತತೀರಿ, ಅದು ಕಚ್ಚತೈತಿ. ಫ್ಲೋಟ್‌ಗೆ ಹಾಕ್ರಿ."

"ಹಂಗಂದ್ರ?"

ಅವನು ಪೊಟ್ಟಣವನ್ನು ತೊಡೆಯ ನಡುವೆ ಇಟ್ಟು, ತುಸು ಗತ್ತಿನಿಂದಲೇ ವಿವರಿಸಿದ. "ಮೊದಲು ಬಕೆಟ್ ಸಾವಕಾಶ ನೆಲಕ್ಕ ಮುಟ್ಟಸ್ರಿ. ಆಮ್ಯಾಲ ಲಿವರ್ ಇನ್ನೂ ಮುಂದ ನೂಕ್ರಿ. ಟಕ್ ಅಂತೈತಿ, ಅಲ್ಲೇ ಕುಂದರತೈತಿ. ಕೈ ತಗೀರಿ. ಈಗ ಎಣ್ಣಿ ತೋಳಿನಾಗ ಆಕಡೆ ಈಕಡೆ ಸುಮ್ನ ಓಡ್ಯಾಡತೈತಿ, ಯಾರನ್ನೂ ಒತ್ತೂದಿಲ್ಲ, ಯಾರನ್ನೂ ಎತ್ತೂದಿಲ್ಲ. ಬಕೆಟ್‌ಗೆ ತನ್ನ ಭಾರ ಅಷ್ಟ. ನೆಲ ಎದ್ರ ಅದೂ ಏಳತೈತಿ, ನೆಲ ಇಳದ್ರ ಅದೂ ಇಳೀತೈತಿ. ನೀವು ನಡುವ ಬಾಯಿ ಹಾಕಬಾರ್ದು."

"ನಮ್ಮದರಾಗ ಟಕ್ ಇಲ್ರಿ."

"ಇಲ್ಲದ ಎಲ್ಲಿ ಹೋಗತೈತಿ? ಹುಡುಕ್ರಿ. ಸಿಕ್ರ ನನಗ ಚಾ ಕುಡಸ್ರಿ, ಸಿಗಲಿಲ್ಲಂದ್ರ ನಾ ನಿಮಗ ಕುಡಸ್ತೇನಿ."

ಮನೆಗೆ ಬಂದವಳೇ ಒಂದು ಚರಿಗೆ ನೀರು, ಅರಿವೆ ಹಿಡಿದು ಟ್ರ್ಯಾಕ್ಟರ್ ಹತ್ತಿದೆ. ಆಯಿ ಕಟ್ಟೆಯ ಮೇಲಿದ್ದಳು. ಅವಳಿಗೆ ಬೆನ್ನು ತಿರುಗಿಸಿ, ಮನಸ್ಸಿನಲ್ಲೇ ಕ್ಷಮೆ ಕೇಳಿ, ವಿಭೂತಿ ತಿಕ್ಕತೊಡಗಿದೆ. ಆಯುಧಪೂಜೆಗಳು ಒಂದರ ಕೆಳಗೊಂದು ಪದರ ಪದರವಾಗಿ ಎದ್ದವು. ಅಡಿಯಲ್ಲಿ ಸ್ಟಿಕ್ಕರ್. ಮೇಲಕ್ಕೊಂದು ಬಾಣ, ನಡುವೆ ಒಂದು ಗೆರೆ, ಕೆಳಕ್ಕೊಂದು ಬಾಣ. ಎಲ್ಲಕ್ಕಿಂತ ಕೆಳಗೆ, ಸಣ್ಣ ಮಕ್ಕಳು ಕೆರೆಯ ನೀರು ಬರೆಯುತ್ತಾರಲ್ಲ, ಹಾಗೆ ಒಂದು ಅಂಕುಡೊಂಕು ಅಲೆ. ನಾಲ್ಕನೆಯ ಮನೆ ಇತ್ತು!

ಕಾಕಾನನ್ನು ಕರೆದು ತೋರಿಸಿದೆ. ಅವನಿಗೆ ಖುಷಿಯಾಗಲಿಲ್ಲ. "ಅದು ಕೆಟ್ಟ ಮನಿ ತಲಾಠಿ. ಅಲ್ಲಿಗೆ ಹೋದ್ರ ಬಕೆಟ್ ಬೀಳತೈತಿ. ತಾಟು ಮರತಿ ಏನು?"

"ನೆಲದ ಮ್ಯಾಲ ಇದ್ದದ್ದು ಎಲ್ಲಿ ಬೀಳತೈತಿ ಕಾಕಾ?"

ಅವನು ಬಕೆಟ್ ನೋಡಿದ, ನೆಲ ನೋಡಿದ, ನನ್ನನ್ನು ನೋಡಿದ. "ಅದೂ ಖರೆ" ಅಂದು, ಸೊಂಟದ ಚಾಕು ತೆಗೆದು ಟ್ಯೂಬನ್ನು ಅವನೇ ಕೊಯ್ದ. ನಮ್ಮ ಕಾಕಾನ ದೊಡ್ಡ ಗುಣವೆಂದರೆ ಇದು. ಒಪ್ಪಲು ತಡ ಮಾಡಬಹುದು. ಒಪ್ಪಿದ ಮೇಲೆ ಗೊಣಗುವುದಿಲ್ಲ.

ಅಂಗಳದಲ್ಲೇ ಪರೀಕ್ಷೆ ಮಾಡಿದೆವು. ಬಕೆಟ್ ಇಳಿಸಿದೆ, ಲಿವರ್ ನೂಕಿದೆ. ಟಕ್. ಕೈ ತೆಗೆದೆ. ಟ್ರ್ಯಾಕ್ಟರ್ ಮುಂದೆ ಹೋದಂತೆ ಬಕೆಟ್ ಹೊಟ್ಟು ಕಸವನ್ನೆಲ್ಲ ಸರ್ರನೆ ದೂಡುತ್ತ ಹೋಯಿತು. ಎದುರಿಗೆ ನೆಲದಲ್ಲಿ ಹೂತ ಒರಳುಕಲ್ಲು. ಅದರ ಅಂಚು ಮಣ್ಣಿಗಿಂತ ತುಸು ಮೇಲಿದೆ. ಅವ್ವ "ಒರಳು! ಒರಳು!" ಎಂದು ಕಿರುಚುತ್ತ ಓಡಿಬಂದಳು. ಬಕೆಟ್ ಒರಳನ್ನು ಮುಟ್ಟಿತು, ಮೆಲ್ಲಗೆ ಏರಿತು, ದಾಟಿತು, ಮತ್ತೆ ನೆಲಕ್ಕೆ ಇಳಿಯಿತು. ಒರಳಿಗೆ ಏನೂ ಆಗಿರಲಿಲ್ಲ. ಅವ್ವ ಬಾಗಿ ಅದನ್ನು ಸವರಿ ನೋಡಿದಳು. ಕಾಕಾ ಸೆರಗಿಲ್ಲದಿದ್ದರೂ ಹೆಂಗಸರಂತೆ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು ನಿಂತಿದ್ದ.

ಆದರೆ ಫ್ಲೋಟ್‌ನಲ್ಲಿ ಬಿಟ್ಟ ಬಕೆಟ್ ಗಟ್ಟಿ ನೆಲವನ್ನು ಕೊರೆಯುವುದಿಲ್ಲ. ಸಡಿಲ ಮಣ್ಣನ್ನು ಹರಡುತ್ತದೆ, ಹಳ್ಳಕ್ಕೆ ತುಂಬುತ್ತದೆ, ಅಷ್ಟೇ. ಹಾಗಾಗಿ ಹೊಸ ಮಣ್ಣು ಬೇಕಿತ್ತು. ಆಯಿಯ ಅಣ್ಣನ ಮಕ್ಕಳು ಐಹೊಳೆಯ ಹೊಲದಲ್ಲಿ ಕೃಷಿಹೊಂಡ ತೋಡಿಸಿದ್ದರು. ತೋಡಿದ ಕೆಂಪು ಗರಸು ಮಣ್ಣು ರಾಶಿ ಬಿದ್ದಿತ್ತು. ಕಾಕಾ ಟ್ರೇಲರಿನಲ್ಲಿ ತಂದು ದಾರಿಯುದ್ದ ಗುಡ್ಡೆ ಗುಡ್ಡೆ ಸುರಿದ. ಆಯಿ ಒಂದು ಹಿಡಿ ತರಿಸಿಕೊಂಡು ಅಂಗೈಯಲ್ಲಿ ತಿಕ್ಕಿ ನೋಡಿ, "ನಮ್ಮ ಮಣ್ಣ ಐತಿ" ಅಂದಳು. ಹೊಲಕ್ಕೆ ಬರುತ್ತೇನೆ ಅನ್ನಲಿಲ್ಲ. ಅಂಗೈಯಲ್ಲಿ ಉಳಿದದ್ದನ್ನು ಪಾದಕ್ಕೆ ಸವರಿಕೊಂಡಳು.

ಭಾನುವಾರ ಇಡೀ ದಿನ ನಾನು ಹರಡಿದೆ. ಮುಂದೆ ದೂಡುವುದು ಸುಲಭ. ಬಕೆಟ್ಟಿನ ಮೂತಿ ತುಸು ಬಾಗಿಸಿ, ಫ್ಲೋಟ್‌ಗೆ ಬಿಟ್ಟು, ಹಿಂದಕ್ಕೆ ಎಳೆದುಕೊಂಡು ಬರುವುದೇ ಚೆಂದ. ಎದುರಿಗೆ ನೆಲ ಕೆಂಪಗೆ, ನಯವಾಗಿ, ತೊಳೆದ ಹಲಗೆಯಂತೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ನನ್ನ ಬಲಗೈ ಮಾತ್ರ ಸುಮ್ಮನಿರದು. ಎಲ್ಲಿ ಒಂಚೂರು ಉಬ್ಬು ಕಂಡರೂ ಲಿವರಿನ ಕಡೆ ಹೋಗುತ್ತದೆ, ಇಲ್ಲಿ ಸ್ವಲ್ಪ ಒತ್ತೋಣ ಎಂದು. ಒಂದೆರಡು ಕಡೆ ಒತ್ತಿಯೂ ಬಿಟ್ಟೆ. ಅಲ್ಲೆಲ್ಲ ಹಳ್ಳ ಬಿತ್ತು. ಕಡೆಗೆ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಕಾಕಾ ಮುಂದೆ ಮುಂದೆ ಕಲ್ಲು ಆರಿಸುತ್ತ ನಡೆಯುತ್ತಿದ್ದವನು ತಿರುಗಿ ನೋಡಿ, "ಏನ ತಲಾಠಿ, ಕೈ ಕಟ್ಟಿ ಹಾಕ್ಯಾರೇನು?" ಅಂದ. "ಹೂಂ ಕಾಕಾ, ಜೇಲಿನ್ಯಾಗ ಇಟ್ಟೇನಿ" ಅಂದೆ. ಸಂಜೆಗೆ ಗದ್ದುಗೆಯ ಹತ್ತಿರದ ಬದುವಿಗೆ ಬಂದು ನಿಲ್ಲಿಸಿದೆವು. ಅದರಿಂದಾಚೆ ಆಯಿ ಬೇಡವೆಂದಿದ್ದಳಲ್ಲ. ಒಂದಷ್ಟು ಗರಸು ಬದುವಿನ ಪಕ್ಕ ಉಳಿಯಿತು. ಟ್ರ್ಯಾಕ್ಟರನ್ನೂ ಅಲ್ಲೇ ಬಿಟ್ಟು ಮನೆಗೆ ಬಂದ ಕಾಕಾ ಕಟ್ಟೆಯ ಮುಂದೆ ನಿಂತು, "ದಾರಿ ಆಗೇತವ್ವಾ" ಎಂದಷ್ಟೇ ಹೇಳಿದ.

ಸೋಮವಾರ ಬೆಳಿಗ್ಗೆ ಆಯಿ ಸ್ನಾನ ಮಾಡಿದಳು, ತಂಬಿಗೆ ನನ್ನ ಕೈಗೆ ಕೊಟ್ಟಳು, ಕೋಲು ಹಿಡಿದಳು. ಕಾಕಾ ಸೇರಿ ಮೂವರೂ ಹೊರಟೆವು. ದಾರಿ ಶುರುವಾಗುವಲ್ಲಿ ನಿಂತು, ಗಡಿಗೆ ಕೊಳ್ಳುವವರು ಬಡಿದು ನೋಡುವಂತೆ ಕೋಲಿನಿಂದ ನೆಲವನ್ನು ಬಡಿದು ನೋಡಿದಳು. ಒಂದು ಹೆಜ್ಜೆ ಇಟ್ಟಳು. ಕಾಕಾ ಎರಡೂ ಕೈ ಚಾಚಿ ಪಕ್ಕದಲ್ಲೇ ನಡೆಯುತ್ತಿದ್ದ, ಈಗಷ್ಟೇ ಹೆಜ್ಜೆ ಕಲಿತ ಕೂಸಿನ ಜೊತೆ ನಡೆಯುವಂತೆ. "ಸರಿಯೋ ಆಕಡೆ, ಗಾಳಿ ಬಿಡು" ಎಂದಳು. ಅವನು ಸರಿದ. ನನ್ನ ಕಣ್ಣು ನೆಲದ ಮೇಲೆಯೇ. ಅಲ್ಲಿ ನಾನು ಒತ್ತಿ ಹಳ್ಳ ಮಾಡಿದ ಜಾಗ, ಇಲ್ಲಿ ಮತ್ತೊಂದು. ಎರಡನ್ನೂ ಅವಳು ಕೋಲಿನಿಂದ ಹುಡುಕಿ ದಾಟಿದಳು.

ಬದುವಿನ ಆಚೆ ಗದ್ದುಗೆ ಕಂಡಿತು. ಗುಡ್ಡೆ ಇರಲಿಲ್ಲ. ಈ ವರ್ಷ ಯಾರೂ ಬುಟ್ಟಿ ಹೊತ್ತಿರಲಿಲ್ಲ. ಮಣ್ಣು ಕುಸಿದು ತಗ್ಗಾಗಿ, ಮಳೆಯ ನೀರು ನಿಂತು ಆರಿ, ಅಗಲಗಲ ಬಿರುಕು ಬಿಟ್ಟಿತ್ತು. ಆಯಿ ಕೋಲಿನ ತುದಿಯನ್ನು ಒಂದು ಬಿರುಕಿನೊಳಗೆ ಇಳಿಸಿ ನೋಡಿದಳು. ಕಾಕಾ, "ನಾ ಬುಟ್ಟೀಲೆ ತುಂಬತೇನವ್ವಾ" ಅಂದ. ಅವಳು ತಾನು ದಾಟಿಬಂದ ದಾರಿಯನ್ನು ತಿರುಗಿ ನೋಡಿದಳು. ಮತ್ತೆ ತಗ್ಗನ್ನು ನೋಡಿದಳು.

"ಗಿರಿಜಾ, ನಿನ್ನ ಗಾಡಿ ತಗೊಂಡು ಬಾರಬೇ."

ಕಾಕಾ ಬೆಚ್ಚಿದ. "ಅವ್ವಾ, ನೀನ ಬ್ಯಾಡಂದಿದ್ದೆಲ್ಲ?"

"ಅಂದಿದ್ದೆ. ಆವಾಗ ಅದು ಒತ್ತತಿತ್ತು. ಈಗ ಮೆತ್ತಗಾಗೇತಿ. ಗಾಲಿ ಹಾಯಬಾರ್ದು, ನೋಡು ಮತ್ತ. ಆ ಬುಟ್ಟಿ ಅಷ್ಟ ಬರ್ಲಿ."

ಬಕೆಟ್ಟಿಗೆ ಅವಳು ಬುಟ್ಟಿ ಎನ್ನುತ್ತಾಳೆ. ನಾನು ಉಳಿದ ಗರಸು ತುಂಬಿಕೊಂಡು ಬಂದೆ. ಮುಂದಿನ ಗಾಲಿಗಳನ್ನು ಗದ್ದುಗೆಯ ಇತ್ತಲೇ ನಿಲ್ಲಿಸಿ, ತೋಳು ಚಾಚಿ, ಕೆಂಪು ಮಣ್ಣನ್ನು ತಗ್ಗಿನೊಳಗೆ ಸುರಿದೆ. ಇನ್ನು ಹರಡಬೇಕು. ಅಂಗೈ ಬೆವರಿ ಹಿಡಿ ಜಾರುತ್ತಿತ್ತು. ಕೆಳಗಿರುವವನು ನಮ್ಮಜ್ಜ. ಬಕೆಟ್ಟನ್ನು ಕೂದಲೆಳೆಯಷ್ಟಷ್ಟೇ ಇಳಿಸಿದೆ. ಮಣ್ಣಿಗೆ ತಾಗಿದ್ದು ಕೈಗೆ ಗೊತ್ತಾಯಿತು. ಲಿವರ್ ನೂಕಿ, ಕೈ ತೆಗೆದು, ಹಿಂದಕ್ಕೆ ಬಂದೆ. ಬಕೆಟ್ ತನ್ನಷ್ಟಕ್ಕೆ ಏರಿ ಇಳಿದು, ಮಣ್ಣನ್ನು ಬಿರುಕುಗಳಿಗೆಲ್ಲ ತುಂಬಿ, ಮೇಲ್ಮೈಯನ್ನು ಸವರಿ ಬಂತು. ಇನ್ನೊಂದು ಸಲ. ಮತ್ತೊಂದು ಸಲ. ಆಯಿ ಕೈ ಎತ್ತಿ "ಸಾಕು" ಅಂದಳು.

ಆಮೇಲೆ ಕೂತು ನೀರು ಚಿಮುಕಿಸಿ, ಪತ್ರೆ ಇಟ್ಟು, ವಿಭೂತಿ ಹಚ್ಚಿ, ಎಷ್ಟೋ ವಾರಗಳ ವರದಿ ಒಪ್ಪಿಸಿದಳು. ತಾನು ಬಿದ್ದದ್ದನ್ನು ಹೇಳಿದಳು. ಡಾಕ್ಟರು ಹೇಳಿದ್ದನ್ನು ಬಿಟ್ಟಳು. "ಇಷ್ಟ ದಿನ ಬರಲಿಲ್ಲಂತ ಸಿಟ್ಟಾಗಬ್ಯಾಡ. ದಾರಿ ಕೆಟ್ಟಿತ್ತು. ಹುಡುಗರು ಮಾಡ್ಯಾರ" ಅಂದಳು. ನಲವತ್ತು ದಾಟಿದ ಕಾಕಾ ಹುಡುಗರಲ್ಲಿ ಒಬ್ಬನಾಗಿ ತಲೆ ತಗ್ಗಿಸಿ ನಿಂತಿದ್ದ.

ಅಂದು ನನಗೆ ಯಾರು ಯಾರ ನೆನಪಾಯಿತೆಂದರೆ ಹೇಳಿ ಮುಗಿಯದು. ಇಳಕಲ್ಲಿನಲ್ಲಿ ಚುರಮರಿ ತಿನ್ನುತ್ತ ಕಲಿಸಿದ ಮೌಲಾ, ಟ್ಯೂಬು ಕೊಯ್ದ ಕಾಕಾ, ಹೆಣ್ಣುಮಗಳ ಕೈಗೆ ಗಾಡಿ ಕೊಡುವಾಗ ಊರವರ ಮಾತಿಗೆ ಕಿವಿಗೊಡದ ಅದೇ ಕಾಕಾ, ಹೊಂಡ ತೋಡಿಸಿದ ಐಹೊಳೆಯ ಮಾವಂದಿರು. ಮೌಲಾನಿಗೆ ಚಹಾ ಕುಡಿಸಿದೆ, ಎರಡು ಕುಡಿದ. ಉಳಿದವರಿಗೆ ಕೊಡಲು ನನ್ನ ಹತ್ತಿರ ಈ ಬರಹ ಬಿಟ್ಟರೆ ಬೇರೇನೂ ಇಲ್ಲ.

ಹಿಂದಿರುಗುವಾಗ ಆಯಿ ಮುಂದೆ, ಕಾಕಾ ಅವಳ ಹಿಂದೆ, ನಾನು ಬಕೆಟ್ ಎತ್ತಿಕೊಂಡು ಮೊದಲ ಗೇರಿನಲ್ಲಿ ಅವರ ಹಿಂದೆ. ಜೋಳ ಹಾಲುಗಾಳು ಹಿಡಿದಿತ್ತು. ಅರ್ಧ ದಾರಿಯಲ್ಲಿ ಆಯಿ ನಿಂತಳು. ಬ್ರೇಕ್ ಒತ್ತಿ ಎದ್ದು ನಿಂತೆ. ಅವಳು ನೆಲದ ಕಡೆ ನೋಡುತ್ತಲೇ ಇರಲಿಲ್ಲ. ತಲೆ ಎತ್ತಿ ತೆನೆಗಳ ಮೇಲೆ ಕಣ್ಣಾಡಿಸುತ್ತಿದ್ದಳು.

"ಲೇ ಶೇಖ್ಯಾ, ಈ ಕಡೀ ಸಾಲು ಪೂರಾ ಹಕ್ಕಿ ತಿಂದಾವ. ನಾ ಬರೂದು ಬಿಟ್ಟೆ ಅಂತ ನಿಮಗ ಹೇಳಾವ್ರು ಕೇಳಾವ್ರು ಯಾರೂ ಇಲ್ಲದಂಗಾತೇನು? ಆ ಬದುವಿನ ಕಸ ನೋಡು. ಆಕಡೆ ನೋಡು, ಅಲ್ಲಿ, ಅಲ್ಲಿ!"

ಬಯ್ಯಲು ಒಂದು ಕೈ ಸಾಲದೆ, ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಬೀಸಿ ಹೊಲ ತೋರಿಸುತ್ತ ಅವಳು ಮುಂದೆ ಮುಂದೆ ನಡೆದಳು.